ಹೋಬಳಿಯ ಕಿಟಕಿ ಮತ್ತು ತೀರ್ಮಾನದ ಅಧಿಕಾರ

ಗ್ರಾಮವಾಸಿಗಳಿಗೂ ಸಣ್ಣ ಪಟ್ಟಣಗಳ ಜನರಿಗೂ ಸರ್ಕಾರದ ಸೇವೆಗಳು ಸುಲಭವಾಗಿ ದೊರೆಯಬೇಕೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲವಾದರೂ, ಆ ಸೌಲಭ್ಯವು ವಸ್ತುತಃ ಯಾವುದರಲ್ಲಿದೆಯೆಂಬ ಪ್ರಶ್ನೆಯನ್ನು ನಮ್ಮ ಆಡಳಿತವು ಸಾಕಷ್ಟು ವಿಚಾರಿಸಿದಂತೆ ತೋರುವುದಿಲ್ಲ. ಕಾಗದವು ಬೇಗ ಕೈಸೇರಿದರೆ ಸೇವೆಯು ಸುಧಾರಿಸಿತೆಂದೇ ಅದರ ಭಾವನೆ.

ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ಮೇಲೆ, ಒಂದು ನಕಲಿಗಾಗಿ ಗ್ರಾಮಲೆಕ್ಕಿಗರ ಬಾಗಿಲು ಕಾಯುತ್ತಿದ್ದ ರೈತನು 15 ರೂಪಾಯಿ ತೆತ್ತು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅದನ್ನು ಪಡೆಯುವಂತಾದುದು ಅಲ್ಪ ಸಾಧನೆಯಲ್ಲ. ಬಳಿಕ ಆ ಕಿಟಕಿ ಹೋಬಳಿಯ ನಾಡಕಚೇರಿಗೂ ಬಂದಿತು. ಆದರೆ ಯಂತ್ರಕ್ಕೇರಿಸುವಾಗ ಹೆಸರಿನಲ್ಲಿ ಒಂದಕ್ಷರ ತಪ್ಪಿತೆನ್ನಿ. ಆಧಾರ್ ಕಾರ್ಡಿಗೂ ಪಹಣಿಗೂ ತಾಳೆಯಾಗದೆ ಸಹಕಾರ ಸಂಘದಲ್ಲಿ ಬೆಳೆಸಾಲ ನಿಲ್ಲುತ್ತದೆ. ತಪ್ಪಿರುವ ಪಹಣಿಯೇನೋ ಕೇಳಿದೊಡನೆ ಮುದ್ರಿತವಾಗಿ ಬರುತ್ತದೆ. ಅದನ್ನು ತಿದ್ದಿಸಬೇಕಾದರೆ ಮಾತ್ರ ವಂಶವೃಕ್ಷ, ಅಫಿಡವಿಟ್ಟು, ಹಳೆಯ ಕೈಬರಹದ ಪಹಣಿಯ ನಕಲು ಇವುಗಳ ಕಂತೆಯನ್ನು ಕಂಕುಳಲ್ಲಿಟ್ಟುಕೊಂಡು, ದಿನದ ಕೂಲಿಯನ್ನು ಕಳೆದುಕೊಂಡು, ತಾಲ್ಲೂಕು ಕೇಂದ್ರದ ಬಸ್ಸು ಹತ್ತಬೇಕು. ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆಂಬ ಉತ್ತರವನ್ನು ಕೇಳಿ ಹಿಂದಿರುಗಬೇಕು.

ಗೊತ್ತಾದ ಗಡುವಿನೊಳಗೆ ಸೇವೆ ದೊರೆಯಬೇಕೆಂದು 2012ರಲ್ಲಿ ಜಾರಿಗೆ ಬಂದ ‘ಸಕಾಲ’ ಕಾಯ್ದೆಯು ವಿಳಂಬದ ದಿನವೊಂದಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಪರಿಹಾರವನ್ನು ವಿಧಿಸಿದುದು ಸ್ತುತ್ಯವೇ ಸರಿ. ಆದರೂ ಗಡುವು ಮುಗಿಯುವ ದಿನ ‘ದಾಖಲೆ ಸಾಲದು’ ಎಂದು ತಿರಸ್ಕರಿಸಿದ ಅರ್ಜಿಯೂ ಲೆಕ್ಕದಲ್ಲಿ ವಿಲೇವಾರಿಯಾದ ಅರ್ಜಿಯೇ. ಮೇಲ್ಮನವಿಗೆ ಅವಕಾಶವುಂಟು, ಆದರೆ ನಾಳೆ ಮತ್ತೊಂದು ಕೆಲಸಕ್ಕೆ ಅದೇ ಮೇಜಿನ ಮುಂದೆ ನಿಲ್ಲಬೇಕಾದವನು ಮೇಲ್ಮನವಿ ಹಾಕಲು ಹಿಂಜರಿದರೆ ಅಚ್ಚರಿಯೇನು?

ಆದುದರಿಂದ ಗ್ರಾಮದ ಸಮೀಪಕ್ಕೆ ಬರಬೇಕಾದುದು ಕಿಟಕಿಗಿಂತ ಹೆಚ್ಚಾಗಿ ತೀರ್ಮಾನಿಸುವ ಅಧಿಕಾರವೆಂದು ನನ್ನ ಅಭಿಪ್ರಾಯ. ಕೆಳಗಿನವರಿಗೆ ಅಧಿಕಾರ ಕೊಟ್ಟರೆ ಲಂಚವು ಮನೆಬಾಗಿಲಿಗೇ ಬರುವುದೆಂಬ ಆಕ್ಷೇಪವನ್ನು, ಲೆಕ್ಕಿಗರ ಕಾಲವನ್ನು ಕಂಡ ಯಾರೂ ತಳ್ಳಿಹಾಕಲಾರರು. ಆದರೆ ಅಂದು ಯಾರು ಯಾವಾಗ ಏನು ತಿದ್ದಿದರೆಂಬುದು ಒಂದೇ ಪುಸ್ತಕದಲ್ಲಿದ್ದು, ಆ ಪುಸ್ತಕವು ಲೆಕ್ಕಿಗರ ವಶದಲ್ಲಿಯೇ ಇದ್ದಿತು. ಇಂದು ಪ್ರತಿಯೊಂದು ತಿದ್ದುಪಡಿಯೂ ಅಧಿಕಾರಿಯ ಹೆಸರಿನೊಡನೆ, ದಿನಾಂಕದೊಡನೆ ಯಂತ್ರದಲ್ಲಿ ಉಳಿಯುವಂತೆ ಮಾಡಬಹುದು. ಅಲ್ಲದೆ, ತಕರಾರಿಲ್ಲದ ಖಾತೆ ಬದಲಾವಣೆಯನ್ನು ಹೋಬಳಿಯ ರಾಜಸ್ವ ನಿರೀಕ್ಷಕರೇ ಮಂಜೂರು ಮಾಡುತ್ತಿರುವಾಗ, ಭೂಮಿಯ ಒಡೆತನದ ದಾಖಲೆಯನ್ನೇ ಬದಲಿಸಬಲ್ಲ ಕೈಗೆ ಒಂದಕ್ಷರವನ್ನು ತಿದ್ದುವ ಹಕ್ಕಿಲ್ಲವೆಂಬುದು ಎಲ್ಲಿಯ ತರ್ಕ? ನಾಡಕಚೇರಿಯ ಉಪತಹಸೀಲ್ದಾರರು ನೆರೆಯ ಹಿಡುವಳಿದಾರರನ್ನು ಕರೆಸಿ, ಹಳೆಯ ಪಹಣಿಯನ್ನು ಎದುರಿಗಿಟ್ಟುಕೊಂಡು, ಇಂಥ ತಪ್ಪುಗಳನ್ನು ಅಲ್ಲಿಯೇ ಸರಿಪಡಿಸತಕ್ಕದ್ದು. ತಿರಸ್ಕರಿಸುವುದಾದರೆ ಕಾರಣವನ್ನು ಲಿಖಿತವಾಗಿ ಕೊಡತಕ್ಕದ್ದು. ಆಗ ತಹಸೀಲ್ದಾರರಿಗೆ, ವರ್ಷಗಟ್ಟಲೆ ಕೊಳೆಯುತ್ತಿರುವ ನಿಜವಾದ ತಕರಾರುಗಳನ್ನು ವಿಚಾರಿಸಲು ಬಿಡುವಾದರೂ ದೊರೆತೀತು.