ಮೊದಲು ಕ್ಯಾಲ್ಕುಲಸ್, ಆಮೇಲೆ ಉಳಿದದ್ದು



ಕ್ಯಾಲಿಫೋರ್ನಿಯಾದ ನಮ್ಮ ಕನ್ನಡಿಗರಲ್ಲಿ ಕಮ್ಯೂನಿಟಿ ಕಾಲೇಜು ಎಂದರೆ ಮೂಗು ಮುರಿಯುವವರು ಇನ್ನೂ ಇದ್ದಾರೆ. ಆದರೆ ಅಲ್ಲಿ ಎರಡು ವರ್ಷ ಓದಿ, ಮೂರನೇ ವರ್ಷಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಗೋ ಡೇವಿಸ್‌ಗೋ ಸೇರಿದವರಿಗೆ ಸಿಗುವುದು ಆ ವಿಶ್ವವಿದ್ಯಾಲಯದ್ದೇ ಪದವಿ. ಮೊದಲ ಎರಡು ವರ್ಷದ ಶುಲ್ಕವೂ ಬಹಳ ಕಡಿಮೆ.

ತೊಡಕಿರುವುದು ಯೋಜನೆಯಲ್ಲಿ. ‘ಮೊದಲು ಇತಿಹಾಸ, ಕಲೆ ಮುಗಿಸು’ ಎಂಬ ಸಲಹೆ ಉಳಿದ ಕೆಲವರಿಗೆ ಸರಿ, ಎಂಜಿನಿಯರಿಂಗ್‌ಗೆ ಹೋಗುವವರಿಗಲ್ಲ. ಇವರು ಮೊದಲ ಟರ್ಮಿನಿಂದಲೇ ಕ್ಯಾಲ್ಕುಲಸ್ ಹಿಡಿಯಬೇಕು. ಅದಿಲ್ಲದೆ ಭೌತಶಾಸ್ತ್ರದ ತರಗತಿಗೆ ಸೇರಿಸಿಕೊಳ್ಳುವುದಿಲ್ಲ. ಭೌತಶಾಸ್ತ್ರವಿಲ್ಲದೆ ಸ್ಟ್ಯಾಟಿಕ್ಸ್, ಸರ್ಕ್ಯೂಟ್ಸ್ ಇಲ್ಲ. ಇವನ್ನು ಎಷ್ಟೋ ಕಾಲೇಜುಗಳು ವರ್ಷಕ್ಕೊಮ್ಮೆ ಮಾತ್ರ ಕಲಿಸುವುದರಿಂದ ಒಂದು ತಪ್ಪಿದರೆ ವರ್ಷವೇ ಕೈಬಿಟ್ಟಂತೆ. ಯಾವ ಕೋರ್ಸ್ ಎಲ್ಲಿ ಸಲ್ಲುತ್ತದೆಂದು ‘ಅಸಿಸ್ಟ್’ ಎಂಬ ಅಧಿಕೃತ ಪಟ್ಟಿಯಲ್ಲಿ ಕಾಲೇಜುವಾರು ಸಿಗುತ್ತದೆ. ಪಕ್ಕದ ಮನೆಯವರ ಮಾತಿಗಿಂತ ಅದನ್ನು ನೋಡುವುದು ವಾಸಿ!

ಪ್ರವೇಶದ ಖಾತರಿ ಕೊಡುವ ‘ಟ್ಯಾಗ್’ ಒಪ್ಪಂದ ಇರುವುದು ಡೇವಿಸ್, ಅರ್ವೈನ್ ಸೇರಿ 6 ಕ್ಯಾಂಪಸ್‌ಗಳಲ್ಲಿ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಅದರಲ್ಲಿಲ್ಲ. ಉಳಿದ ಕಡೆಯೂ ಕೆಲವು ಎಂಜಿನಿಯರಿಂಗ್ ವಿಭಾಗಗಳು ಹೊರಗಿವೆ. ಫಾಲ್ ಪ್ರವೇಶಕ್ಕೆ ಟ್ಯಾಗ್ ಅರ್ಜಿ ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲೇ ಹೋಗಬೇಕು. ಅಂದರೆ ಎರಡನೇ ವರ್ಷದ ತರಗತಿಗಳು ಶುರುವಾಗುವ ಹೊತ್ತಿಗೇ.

– ಒಬ್ಬ ಪೋಷಕಿ, ಕ್ಯುಪರ್ಟಿನೊ