ರಿಪೇರಿ ಆದ್ಮೇಲೆ ಹೊಸ ತೊಂದರೆ ಬಂದ್ರೆ ಮೊದಲು ಕೈ ಹಾಕಿದ ಜಾಗ ನೋಡಿ

ಈ ಸಲ ಬೆಳೆ ವಿಷಯ ಅಲ್ಲ, ಗಾಡಿ ವಿಷಯ. ಟೊಮೆಟೊ ಸೀಜನ್ ಅಂತ ಸುಮಾರು ಜನ ಗಾಡೀನ ಗ್ಯಾರೇಜಿಗೆ ಬಿಟ್ಟಿದೀರಿ, ಅದಕ್ಕೆ ಬರೀತಿದೀನಿ.

ನಾನು ಹೇಳೋದು ಇಷ್ಟೇ. ಗ್ಯಾರೇಜಿಗೆ ಹೋಗೋ ಮುಂಚೆ ಇಲ್ಲದ ತೊಂದರೆ ಅಲ್ಲಿಂದ ಬಂದ್ಮೇಲೆ ಶುರುವಾದ್ರೆ, ಅವರು ಎಲ್ಲಿ ಬಿಚ್ಚಿದ್ರೋ ಮೊದಲು ಅಲ್ಲೇ ನೋಡಬೇಕು. ಅದನ್ನ ನೋಡದೇನೆ ದೊಡ್ಡ ಸಾಮಾನು ಬದಲಾಯಿಸಿ ಅಂದ್ರೆ ಒಪ್ಪಬೇಡಿ.

ನಮ್ಮ ಡೀಸೆಲ್ ಪಿಕಪ್‌ಗೆ ಹೆಡ್ ಗ್ಯಾಸ್ಕೆಟ್ ಹಾಕಿಸಿದ್ವಿ. ಇಂಜಿನ್ ಬಿಸಿ ಆಗೋದು ನಿಂತಿತು. ಆದ್ರೆ ಮೂರನೇ ದಿನದಿಂದ ಬೆಳಿಗ್ಗೆ ಸ್ಟಾರ್ಟ್ ಮಾಡೋದೇ ಒದ್ದಾಟ. ಒಂದ್ಸಲ ಸ್ಟಾರ್ಟ್ ಆದ್ರೆ ಸಂಜೆವರೆಗೂ ಏನೂ ತೊಂದರೆ ಇಲ್ಲ. ಗ್ಯಾರೇಜಿನವರು ನಾಲ್ಕೂ ಇಂಜೆಕ್ಟರ್ ಹೋಗಿದೆ ಅಂದ್ರು. ನಾನು ಒಪ್ಪಲಿಲ್ಲ. ಇನ್ನೊಬ್ಬ ಹಳೇ ಮೆಕ್ಯಾನಿಕ್ ಡೀಸೆಲ್ ಫಿಲ್ಟರ್ ಆದ್ಮೇಲಿನ ಲೈನಿಗೆ ಒಳಗೆ ಕಾಣೋ ಪ್ಲಾಸ್ಟಿಕ್ ಪೈಪಿನ ತುಂಡು ಸೇರಿಸಿ ನೋಡಿದ್ರು. ಗುಳ್ಳೆ ಗುಳ್ಳೆ ಬರ್ತಿತ್ತು. ಫಿಲ್ಟರ್ ಹತ್ರ ಬಿಚ್ಚಿದ್ದ ಪೈಪಿನ ಕ್ಲಿಪ್ ಸಡಿಲ ಇತ್ತು, ಅಷ್ಟೇ!

ಟ್ಯಾಂಕಿನಿಂದ ಪಂಪಿನವರೆಗಿನ ಲೈನು ಡೀಸೆಲ್ಲನ್ನ ಎಳ್ಕೊಳ್ಳೋ ಲೈನು. ಅಲ್ಲಿ ಸಡಿಲ ಇದ್ರೆ ಎಷ್ಟೋ ಸಲ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ. ರಾತ್ರಿ ಗಾಡಿ ನಿಂತಾಗ ಡೀಸೆಲ್ ವಾಪಸ್ ಟ್ಯಾಂಕಿಗೆ ಇಳಿಯುತ್ತೆ. ಅದಕ್ಕೇ ಬೆಳಿಗ್ಗೆ ಮಾತ್ರ ಕಾಟ. ಕೆಳಗೆ ಒಂದು ತೊಟ್ಟೂ ಬಿದ್ದಿರಲ್ಲ.

ಬೇರೆ ಗುರುತುಗಳೂ ಇವೆ. ಲೋಡಿಗೆ ಎಳೀತಿಲ್ಲ, ಕಪ್ಪು ಹೊಗೆ, ಸೀಟಿ ಹೊಡೆದಂಗೆ ಸದ್ದು ಅಂದ್ರೆ ಟರ್ಬೊ ಗಾಳಿ ಪೈಪಿನ ಕ್ಲ್ಯಾಂಪ್ ನೋಡಿ. ಚೆಕ್ ಲೈಟ್ ಉರಿದು ಪಿಕಪ್ ಸತ್ತೋದ್ರೆ ಸೆನ್ಸರ್ ಕಪ್ಲರ್ ಸರಿಯಾಗಿ ಕೂತಿದೆಯಾ ನೋಡಿ. ಸ್ಟಾರ್ಟರ್ ನಿಧಾನ ತಿರುಗಿದ್ರೆ ಬ್ಯಾಟರಿ ಟರ್ಮಿನಲ್, ಇಂಜಿನ್ನಿನ ಅರ್ತ್ ವೈರು. ನೀರು ಬದಲಾಯಿಸಿದ ಮೇಲೆ ಬಿಸಿ ಏರಿದ್ರೆ ಒಳಗೆ ಗಾಳಿ ಸಿಕ್ಕಿರಬಹುದು. ಬಿಸಿ ಇದ್ದಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೀಬೇಡಿ. ಕಾಮನ್ ರೈಲ್ ಗಾಡಿ ಓಡ್ತಿರೋವಾಗ ಇಂಜೆಕ್ಟರ್ ಪೈಪ್ ಮುಟ್ಟಬೇಡಿ, ಅದರೊಳಗೆ ಒತ್ತಡ 1000 ಬಾರ್‌ಗೂ ಮೇಲೆ ಹೋಗಬಹುದು, ಡೀಸೆಲ್ ಚರ್ಮದೊಳಗೇ ನುಗ್ಗುತ್ತೆ.

ಮೆಕ್ಯಾನಿಕ್‌ಗಳೆಲ್ಲ ಮೋಸಗಾರರು ಅಂತಲ್ಲ. ಹಳೇ ಗಾಡೀಲಿ ಒಂದು ಸರಿ ಮಾಡುವಾಗ ಇನ್ನೊಂದು ತಾನಾಗೇ ಕೈ ಕೊಡೋದೂ ಉಂಟು. ಇಂಜೆಕ್ಟರ್ ನಿಜವಾಗ್ಲೂ ಹೋಗಿರಬಹುದು. ಹಂಗಿದ್ರೆ ಟೆಸ್ಟ್ ಮಾಡಿ ತೋರಿಸ್ಲಿ. ಒಂದೊಂದೇ ಬದಲಾಯಿಸಿ ನೋಡ್ಲಿ. ನಾಲ್ಕು ಸಾಮಾನು ಒಟ್ಟಿಗೆ ಹಾಕಿದ್ರೆ ಯಾವುದರಿಂದ ಸರಿ ಆಯ್ತು ಅಂತ ಅವರಿಗೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ, ದುಡ್ಡು ಮಾತ್ರ ಹೋಗುತ್ತೆ.

ಗಾಡಿ ಬಿಡುವಾಗ ಏನೇನು ತೊಂದರೆ ಇದೆ, ಏನಿಲ್ಲ ಅಂತ ಚೀಟೀಲಿ ಬರೆದು ಕೊಡಿ. ಹಳೇ ಸಾಮಾನು ವಾಪಸ್ ಕೇಳಿ. ಏನೇನು ಬಿಚ್ಚಿದ್ರು ಅಂತ ಬಿಲ್ಲಲ್ಲಿ ಬರೆಸ್ಕೊಳ್ಳಿ. ಅದೇ ಸಂಜೆ ಲೋಡ್ ಹಾಕಬೇಡಿ, ಒಂದು ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿ ನೋಡಿ.

15 ಕೆಜಿ ಬಾಕ್ಸ್ 100 ಅಂದ್ರೆ ಒಂದೂವರೆ ಟನ್ ಮಾಲು. ಕೋಲಾರ ಮಂಡಿ ಹರಾಜು ನಮ್ಮ ಗಾಡಿಗೋಸ್ಕರ ಕಾಯಲ್ಲ. ಹಣ್ಣಾದ ಟೊಮೆಟೊನೂ ಕಾಯಲ್ಲ.