ನಿಮ್ಮ ಚಂದದ ಹಳ್ಳಿ

ಮತ್ತೆ ಶುರುವಾಗಿದೆ. ಮಳೆ ಬಿದ್ದು ಹಸಿರು ಕಾಣಿಸಿದ್ದೇ ತಡ, "ಹಳ್ಳಿ ಬದುಕೇ ಸ್ವರ್ಗ" ಅನ್ನೋ ರೀಲ್‌ಗಳು. ಹೆಂಚಿನ ಮನೆ, ಜಗಲಿ, ರಂಗೋಲಿ, ಊರಹಬ್ಬ, ಹಿಂದೆ ತಮಟೆ ಸದ್ದು. ತಮಟೆ ಬಡಿಯೋನ ಕೈ ಕಾಣುತ್ತೆ, ಮುಖ ಇರಲ್ಲ. ಹಬ್ಬದ ದಿನ ಅವನು ಎಲ್ಲಿ ಕೂತು ಉಂಡ ಅನ್ನೋದಂತೂ ಯಾವ ರೀಲಲ್ಲೂ ಬರಲ್ಲ.

ಕೆಳಗೆ ನಮ್ಮ ಪ್ರಗತಿಪರ ಗೆಳೆಯರದ್ದೇ ಕಮೆಂಟು: ಸಣ್ಣ ಊರುಗಳ ಪದ್ಧತಿಗಳು ಉಳೀಬೇಕಂತೆ. ಯಾವ ಪದ್ಧತಿ ಸಾರ್? ಸ್ವಲ್ಪ ಬಿಡಿಸಿ ಹೇಳಿ.

ಕೊಪ್ಪಳ ಜಿಲ್ಲೆಯ ಮಿಯಾಪುರವೂ ಸಣ್ಣ ಊರೇ. 2021ರಲ್ಲಿ ಅಲ್ಲಿ ದಲಿತರ ಪುಟ್ಟ ಮಗುವೊಂದು ಹುಟ್ಟುಹಬ್ಬದ ದಿನ ಹನುಮಂತನ ಗುಡಿಯೊಳಗೆ ಓಡಿಹೋಯ್ತು. ಗುಡಿ ಶುದ್ಧಿಗೆ ಅಂತ ಆ ಕುಟುಂಬಕ್ಕೆ 25,000 ರೂಪಾಯಿ ದಂಡ. ಮರುವರ್ಷ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಹುಡುಗನೊಬ್ಬ ದೇವರ ಕೋಲು ಮುಟ್ಟಿದ, ದಂಡ 60,000. (ರೇಟು ಯಾವ ಲೆಕ್ಕದಲ್ಲಿ ಹಾಕ್ತಾರೋ, ಇಷ್ಟು ವರ್ಷ ಆಫೀಸಲ್ಲಿ ಬಿಲ್ಲು ಬರೆದ ನನಗೂ ತಿಳಿದಿಲ್ಲ.) ಅದೇ 2022ರಲ್ಲಿ ಚಾಮರಾಜನಗರದ ಹೆಗ್ಗೊಠಾರದಲ್ಲಿ ದಲಿತ ಹೆಣ್ಣುಮಗಳೊಬ್ಬರು ತೊಂಬೆ ನೀರು ಕುಡಿದ್ರು ಅಂತ ಅಷ್ಟೂ ನೀರು ಹೊರಗೆ ಬಿಟ್ಟು, ತೊಂಬೆಯನ್ನ ಗೋಮೂತ್ರದಲ್ಲಿ ತೊಳೆದ ಸುದ್ದಿ ಬಂತು. ಇಂಥ ಯಾವ ಊರಲ್ಲಾದ್ರೂ ಹೋಗಿ ಯಾಕಪ್ಪಾ ಅಂತ ಕೇಳಿ. "ಮೊದಲಿಂದ ನಡ್ಕೊಂಡು ಬಂದದ್ದು" ಅಂತಾರೆ. ನೀವು ಕಮೆಂಟಲ್ಲಿ ಬರೆದ ಪದ್ಧತಿ ಅನ್ನೋ ಮಾತಿಗೂ ಅವರ ಈ ಮಾತಿಗೂ ಏನು ವ್ಯತ್ಯಾಸ ಅಂತ ನೀವೇ ಹೇಳಬೇಕು.

"ಸಣ್ಣ ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಅದೇ ಅದರ ಸೊಗಸು" ಅಂತೀರಿ. ಹೌದು, ಗೊತ್ತು. ಯಾರ ಮಗ, ಯಾವ ಕೇರಿ, ಮದುವೆಗೆ ಎಷ್ಟು ಸಾಲ ಮಾಡಿದ್ದಾನೆ, ಬೈಕ್ ಯಾವಾಗ ತಗೊಂಡ, ಮೀಸೆ ಯಾಕೆ ತಿರುವಿದ, ಎಲ್ಲಾ ಗೊತ್ತು. ನಮ್ಮ ಹುಡುಗರಿಗೆ ಅದು ಸೊಗಸಲ್ಲ ಸ್ವಾಮಿ, ಕಾವಲು.

ಬಹಿಷ್ಕಾರ ಹಾಕೋಕೆ ಯಾರೂ ಕೈ ಎತ್ತಬೇಕಾಗಿಲ್ಲ. ಊರಲ್ಲಿ ಒಂದೇ ಕಿರಾಣಿ ಅಂಗಡಿ, ಒಂದೇ ಹಿಟ್ಟಿನ ಗಿರಣಿ, ಒಂದೇ ಕಟಿಂಗ್ ಶಾಪು. ಈ ಸಲ ತಮಟೆ ಬಡಿಯಲ್ಲ ಅಂದಿರೋ, ಮಾರನೇ ದಿನ ಮೂರೂ ಕಡೆ "ಇಲ್ಲ" ಅಂತಾರೆ. ಕೂಲಿಗೆ ಕರೆಯಲ್ಲ, ಹಾಲು ತಗೊಳ್ಳಲ್ಲ, ಆಟೋ ಹತ್ತಿಸಲ್ಲ. ಊರು ಎಷ್ಟು ಚಿಕ್ಕದೋ ಉಸಿರುಗಟ್ಟಿಸೋದು ಅಷ್ಟು ಸುಲಭ. ಠಾಣೆಗೆ ಹೋದ್ರೆ, ಸಾಮಾನು ಕೊಡೋದು ಬಿಡೋದು ಅಂಗಡಿಯವನ ಇಷ್ಟ ಕಣಪ್ಪ ಅಂತ ವಾಪಸ್ ಕಳಿಸ್ತಾರೆ.

ಗಂಗಾವತಿ ತಾಲ್ಲೂಕಿನ ಮರಕುಂಬಿ ಮರೆತುಹೋಯ್ತಾ? ಕ್ಷೌರದಂಗಡಿಗೆ, ಹೋಟೆಲಿಗೆ ನಮ್ಮವರನ್ನ ಬಿಡೋ ವಿಚಾರದಲ್ಲೇ ಜಗಳ ಹೊಗೆಯಾಡ್ತಿತ್ತು. 2014ರಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿದ್ದು 2024ರ ಅಕ್ಟೋಬರಲ್ಲಿ. ಹತ್ತು ವರ್ಷ ಬೇಕಾಯ್ತು.

ಬಾಬಾಸಾಹೇಬರು ಇದನ್ನೆಲ್ಲ 1948ರ ನವೆಂಬರ್ 4ರಂದೇ ಸಂವಿಧಾನ ಸಭೆಯಲ್ಲಿ ಹೇಳಿಬಿಟ್ಟಿದ್ರು. ಹಳ್ಳಿಗಳನ್ನ ಪುಟ್ಟ ಗಣರಾಜ್ಯ ಅಂತ ಹಾಡಿಹೊಗಳಿದ್ದು ಮೆಟ್‌ಕಾಫ್ ಅನ್ನೋ ಬ್ರಿಟಿಷ್ ಅಧಿಕಾರಿ. ಅದನ್ನೇ ನಂಬಿದ್ದ ನಮ್ಮ ದೊಡ್ಡವರ ಮುಂದೆ ನಿಂತು ಅವರು, ಕರಡು ಸಂವಿಧಾನ ಹಳ್ಳಿಯನ್ನ ಬಿಟ್ಟು ವ್ಯಕ್ತಿಯನ್ನ ಘಟಕ ಮಾಡಿಕೊಂಡಿದ್ದು ನನಗೆ ಸಂತೋಷ ಅಂದ್ರು. ಅವತ್ತಿನ ಸಿಟ್ಟು ಇವತ್ತಿಗೂ ಕೆಲವರಿಗೆ ಇಳಿದಿಲ್ಲ.

13ನೇ ವಿಧಿ ಒಮ್ಮೆ ತೆಗೆದು ಓದಿ. ಕಾನೂನು ಅಂದ್ರೆ ರೂಢಿ, ಪದ್ಧತಿಗಳೂ ಸೇರಿವೆ ಅಂತ ಅಲ್ಲಿ ಬರೆದಿದೆ. ಮೂಲಭೂತ ಹಕ್ಕಿಗೆ ಅಡ್ಡ ಬಂದ್ರೆ ಅವೂ ಅಸಿಂಧು. 15ನೇ ವಿಧಿಯಲ್ಲಿ ಅಂಗಡಿ, ಹೋಟೆಲ್, ಬಾವಿ, ಕೆರೆ ಅಂತ ಹೆಸರು ಹಿಡಿದು ಬರೆದಿದೆ. ಇಷ್ಟು ಬಿಡಿಸಿ ಯಾಕೆ ಬರೀಬೇಕಾಯ್ತು ಅಂತ ಯೋಚಿಸಿ.

"ಬೆಂಗಳೂರಲ್ಲಿ ಜಾತಿ ಇಲ್ವಾ?" ಅನ್ನೋರು ಬಂದೇ ಬರ್ತಾರೆ. ಇದೆ ಮಾರಾಯ್ರೇ. ಬಾಡಿಗೆ ಮನೆ ಕೇಳೋಕೆ ಹೋದ್ರೆ "ನೀವು ಯಾವ ಪೈಕಿ?" ಅಂತಾರೆ. ಆದ್ರೆ ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನೋವಾಗ ಯಾರೂ ಕೇಳಲ್ಲ. ಆ ಹದಿನೈದು ನಿಮಿಷಕ್ಕೆ ಬೆಲೆ ಎಷ್ಟು ಅಂತ ಜಗಲಿ ಮೇಲೆ ಕೂತು ಬೆಳೆದವರಿಗೆ ಅರ್ಥ ಆಗಲ್ಲ.

ಈಗ "ನಮ್ಮೂರಲ್ಲಿ ಹಂಗೇನಿಲ್ಲ" ಅಂತ ಬರೆಯೋರಿಗೆ ಒಂದು ಕೋರಿಕೆ. ಬರೀ ಅಷ್ಟೇ ಬರೀಬೇಡಿ. ಊರ ಹೆಸರು, ಗುಡಿ ಹೆಸರು, ಹಬ್ಬದ ತಾರೀಖೂ ಹಾಕಿ. ನಾವು ನಾಲ್ಕು ಜನ ಬರ್ತೀವಿ. ಗುಡಿಯೊಳಗೆ ಹೋಗ್ತೀವಿ, ಕಟಿಂಗ್ ಮಾಡಿಸ್ತೀವಿ, ನಿಮ್ಮ ಮನೆ ನಡುಮನೆಯಲ್ಲೇ ಕೂತು ಉಣ್ತೀವಿ. ರೀಲ್ ನೀವೇ ಮಾಡಿ, ಮುಖ ಕಾಣೋ ಹಂಗೆ.

ಜೈ ಭೀಮ್.